ಇಪ್ಪತ್ತೆರಡು ಕ್ಯಾಸೆಟ್, ಎಲ್ಲಾ ಕೆಂಪು

ದಾವಣಗೆರೆಯ ನಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಒಂದು ಟಿವಿ ಗೇಮ್ ಇತ್ತು. ಅದರ ಹಳದಿ ಕ್ಯಾಸೆಟ್ ಮೇಲೆ ‘9999 ಇನ್ 1’ ಎಂದು ದೊಡ್ಡದಾಗಿ ಬರೆದಿತ್ತು. ಒಂದು ಬೇಸಿಗೆ ರಜೆಯಲ್ಲಿ ನಾನೂ ನಮ್ಮಣ್ಣನೂ ಆ ಪಟ್ಟಿಯನ್ನು ಪೂರ್ತಿ ಮುಗಿಸಲೇಬೇಕು ಎಂದು ಹಟ ಹಿಡಿದು ಕೂತೆವು. ಅಣ್ಣ ಆಟ ತೆಗೆಯುವುದು, ನಾನು ಹಳೇ ನೋಟ್‌ಬುಕ್ಕಿನಲ್ಲಿ ಹೆಸರು ಬರೆಯುವುದು. ಅದೇ ಮಾರಿಯೋ, ಅದೇ ಟ್ಯಾಂಕು, ಅದೇ ಬಾತುಕೋಳಿ. ಹೆಸರು ಬೇರೆ, ಆಟ ಅದೇ. ಮೂರನೇ ದಿನ ಅಣ್ಣ ಪೆನ್ನು ಕಿತ್ತುಕೊಂಡು, ‘ಸಾಕು ಬಿಡೋ, ಇದಕ್ಕೆ ಕೊನೆಯಿಲ್ಲ’ ಅಂದ. ನಮ್ಮ ಲೆಕ್ಕಕ್ಕೆ ಸಿಕ್ಕಿದ್ದು ಏಳೋ ಎಂಟೋ ಬೇರೆ ಬೇರೆ ಆಟ.

ಆ ನೋಟ್‌ಬುಕ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೆ ಒಂದು ಯಂತ್ರಕ್ಕೆ ಬಂದ ಅಷ್ಟೂ ಆಟ ಒಂದನ್ನೂ ಬಿಡದೆ ನೋಡಬೇಕು ಅನ್ನುವ ಆಸೆ ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅದು ಈಡೇರಿದ್ದು ಟೋಕಿಯೋದಲ್ಲಿ, ಕೆಲಸಕ್ಕೆಂದು ಬಂದು ನಿಶಿ ಕಸಾಯಿಯಲ್ಲಿ ಮನೆ ಮಾಡಿದ ಮೇಲೆ.

ಅಕಿಹಬಾರಾದ ಹಳೇ ಆಟಗಳ ಅಂಗಡಿಗೆ ಮೊದಲ ಸಲ ಹೋದಾಗ ನನಗೆ ತುಂಬಾ ಹಿಡಿಸಿದ ವಿಷಯ ಒಂದಿದೆ. ಇಲ್ಲಿಯವರೂ ಅದನ್ನು ಕ್ಯಾಸೆಟ್ ಅಂತಲೇ ಕರೆಯುತ್ತಾರೆ. ‘ಕಸೆಟ್ಟೊ’ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಇಂಗ್ಲಿಷಿನವರ ಕಾರ್ಟ್ರಿಜ್ ನಮಗೂ ಬೇಡ, ಇವರಿಗೂ ಬೇಡ. ಗೋಡೆಯ ತುಂಬಾ ಜೋಡಿಸಿಟ್ಟ ಕ್ಯಾಸೆಟ್ ನೋಡುತ್ತಾ ನಿಂತಾಗ ಊರಿಗೆ ಬಂದ ಹಾಗಾಯಿತು.

ಆದರೆ ಯಾವ ಯಂತ್ರದ್ದು ಸಂಗ್ರಹಿಸೋದು? ನಿಂಟೆಂಡೊ ಕಂಪನಿಯ ಹಳೇ ಟಿವಿ ಗೇಮ್ ಫ್ಯಾಮಿಕಾಮ್‌ಗೆ ಸಾವಿರಕ್ಕೂ ಹೆಚ್ಚು ಕ್ಯಾಸೆಟ್ ಬಂದಿವೆ. ಪ್ಲೇಸ್ಟೇಷನ್‌ನದಂತೂ ಕೇಳಲೇಬೇಡಿ. ಅವುಗಳ ಹಿಂದೆ ಬಿದ್ದವರು ಇದ್ದಾರೆ, ಅವರ ಬಗ್ಗೆ ನನಗೆ ಗೌರವವೂ ಇದೆ. ಆದರೆ ನನ್ನ ಮನೆ ಇರುವುದು ಆರು ತತಾಮಿ ಚಾಪೆ ಹಿಡಿಯುವಷ್ಟರ ಎರಡು ಕೋಣೆ. ಜೊತೆಗೆ, ಕೊಂಡದ್ದನ್ನೆಲ್ಲ ಕೂತು ಆಡಬೇಕು ಅನ್ನುವುದು ನನ್ನ ಆಸೆ. ಸುಮ್ನೆ ಗೋಡೆಗೆ ಜೋಡಿಸಿಟ್ಟರೆ ಅಣ್ಣನ ಜೊತೆ ಬರೆದ ಪಟ್ಟಿಗೂ ಇದಕ್ಕೂ ಏನು ಫರಕು?

2019ರ ಮಳೆಗಾಲದಲ್ಲಿ ಸೈತಾಮಾದ ಒಂದು ಹಾರ್ಡ್ ಆಫ್ ಅಂಗಡಿಗೆ ಹೋಗಿದ್ದೆ. ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ‘ಜಂಕ್’ ಅಂತ ಒಂದು ಮೂಲೆ ಇರುತ್ತದೆ. ನಡೆಯುತ್ತದೋ ಇಲ್ಲವೋ ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ, ಬೇಕಿದ್ದರೆ ತಗೊಳ್ಳಿ. ಅಲ್ಲಿ ನೀಲಿ ಬುಟ್ಟಿಯೊಂದರಲ್ಲಿ, ಪ್ರಿಂಟರ್ ವೈರುಗಳ ಕೆಳಗೆ, ಕೆಂಪು ಕಪ್ಪು ಬಣ್ಣದ ದೊಡ್ಡ ಕನ್ನಡಕದಂಥದ್ದೊಂದು ಮಲಗಿತ್ತು. ನಿಂಟೆಂಡೊದ ವರ್ಚುಯಲ್ ಬಾಯ್. ಸ್ಟ್ಯಾಂಡಿನ ಕ್ಲಿಪ್ ಮುರಿದಿತ್ತು. ಜೊತೆಗೆ ಮಾರಿಯೋಸ್ ಟೆನಿಸ್ ಕ್ಯಾಸೆಟ್ ಒಂದು.

ಈ ಯಂತ್ರದ ಕಥೆ ಅಲ್ಲಿ ಇಲ್ಲಿ ಓದಿದ್ದೆ. 1995ರ ಜುಲೈ 21ರಂದು ಜಪಾನಿನಲ್ಲಿ 15,000 ಯೆನ್ ಬೆಲೆಗೆ ಬಂತು. ಮುಂದಿನ ತಿಂಗಳು ಅಮೆರಿಕಕ್ಕೆ ಹೋಯಿತು. ಮೇಜಿನ ಮೇಲೆ ಎರಡು ಕಾಲಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬಗ್ಗಿ ಅದರೊಳಗೆ ಮುಖ ಇಟ್ಟು ನೋಡಬೇಕು. ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಹಾಗಾಗಿ ಆಟಕ್ಕೆ ಆಳ ಬರುತ್ತದೆ, ಹತ್ತಿರದ್ದು ಹತ್ತಿರ, ದೂರದ್ದು ದೂರ. ಬಣ್ಣ ಮಾತ್ರ ಒಂದೇ, ಕಪ್ಪಿನ ಮೇಲೆ ಕೆಂಪು. ಜನ ಕೊಳ್ಳಲಿಲ್ಲ. ಜಪಾನಿನಲ್ಲಿ ಕೊನೆಯ ಆಟ ಬಂದದ್ದು ಅದೇ ವರ್ಷ ಡಿಸೆಂಬರ್ 22ಕ್ಕೆ. ಐದು ತಿಂಗಳ ಆಯುಸ್ಸು. ಅಮೆರಿಕದಲ್ಲಿ 1996ರ ಮಾರ್ಚ್‌ವರೆಗೆ ಎಳೆಯಿತು.

ಅಷ್ಟರಲ್ಲಿ ಬಂದ ಆಟಗಳ ಲೆಕ್ಕ ಹೀಗಿದೆ. ಜಪಾನಿನಲ್ಲಿ 19, ಅಮೆರಿಕದಲ್ಲಿ 14. ಅದರಲ್ಲಿ 11 ಎರಡೂ ಕಡೆಯವು. ಒಟ್ಟು ಬೇರೆ ಬೇರೆ ಆಟ 22.

ಇಪ್ಪತ್ತೆರಡು! ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎರಡೆರಡು ಸಲ ಎಣಿಸಿದೆ. ಕೊನೆಯಿರುವ ಪಟ್ಟಿ. 5,000 ಯೆನ್ ಕೊಟ್ಟು ಎರಡನ್ನೂ ಎತ್ತಿಕೊಂಡು ಬಂದೆ.

ಮನೆಗೆ ಬಂದು ಮೊದಲು ನಿಯಮ ಬರೆದುಕೊಂಡೆ. 22 ಆಟ, ಒಂದೊಂದರದು ಒಂದೊಂದು ಪ್ರತಿ. ಎರಡೂ ದೇಶದ ಆವೃತ್ತಿ ಸೇರಿಸಿದರೆ 33 ಆಗುತ್ತದೆ, ಅದು ಬೇಡ. ಈ ಯಂತ್ರಕ್ಕೆ ದೇಶದ ಬೀಗ ಇಲ್ಲ. ಅಮೆರಿಕದ ಕ್ಯಾಸೆಟ್ ಜಪಾನಿನ ಯಂತ್ರದಲ್ಲೂ ಓಡುತ್ತದೆ. ಹಾಗಾಗಿ ಎರಡೂ ಕಡೆ ಬಂದದ್ದನ್ನು ಇಲ್ಲಿಯೇ ಕೊಳ್ಳುವುದು, ಅಲ್ಲಿ ಮಾತ್ರ ಬಂದ ಮೂರನ್ನು ಅಲ್ಲಿಂದ ತರಿಸುವುದು. ರಟ್ಟಿನ ಡಬ್ಬಿ ಸಿಕ್ಕರೆ ಸಂತೋಷ, ಸಿಗದಿದ್ದರೆ ಬೇಸರವಿಲ್ಲ. ಇನ್ನೊಂದು ನಿಯಮ ಎಲ್ಲಕ್ಕಿಂತ ಮುಖ್ಯವಾದದ್ದು: ನನ್ನದೇ ಯಂತ್ರದಲ್ಲಿ ಕನಿಷ್ಠ ಎರಡು ಗಂಟೆ ಆಡುವ ತನಕ ಆ ಕ್ಯಾಸೆಟ್ ಲೆಕ್ಕಕ್ಕೆ ಇಲ್ಲ.

ಈ ಕಡೆಯ ನಿಯಮವೇ ಮೊದಲ ರಾತ್ರಿಯೇ ನನ್ನನ್ನು ನಿಲ್ಲಿಸಿತು.

ಯಂತ್ರ ಹಚ್ಚಿದೆ. ಒಳಗೆ ಜೇನುಹುಳದಂತೆ ‘ಗುಂಯ್’ ಎಂದು ಸಣ್ಣ ಸದ್ದು. ಬಲಗಣ್ಣಿನಲ್ಲಿ ಟೆನಿಸ್ ಮೈದಾನ ಚೆನ್ನಾಗಿಯೇ ಕಂಡಿತು. ಎಡಗಣ್ಣಿನಲ್ಲಿ ಬರೀ ಅಡ್ಡಗೆರೆ. ಮಾರಿಯೋನ ಟೋಪಿ ಇದೆ, ಮೀಸೆ ಇಲ್ಲ. ಕಾಲಿದೆ, ಮೊಣಕಾಲಿಲ್ಲ. ಬಾಚಣಿಗೆಯ ಹಲ್ಲುಗಳ ನಡುವಿನಿಂದ ನೋಡಿದ ಹಾಗೆ.

ಇದು ವರ್ಚುಯಲ್ ಬಾಯ್‌ಗೆ ವಯಸ್ಸಿನ ಜೊತೆ ಬರುವ ಕಾಯಿಲೆ. ಯಾಕೆ ಬರುತ್ತದೆ ಅನ್ನೋದು ತಿಳಿದಾಗಲೇ ನನಗೆ ಈ ಯಂತ್ರದ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು. ಇದರಲ್ಲಿ ಟಿವಿಯ ಹಾಗೆ ಪರದೆ ಇಲ್ಲ. ಒಂದೊಂದು ಕಣ್ಣಿಗೂ 224 ಪುಟ್ಟ ಕೆಂಪು ಎಲ್‌ಇಡಿಗಳು ಒಂದರ ಮೇಲೊಂದು ಒಂದೇ ಕಂಬವಾಗಿ ನಿಂತಿವೆ. ಎದುರಿಗೆ ಒಂದು ಕನ್ನಡಿ ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುತ್ತದೆ. ಆ ಗುಂಯ್ ಸದ್ದು ಅದರದ್ದೇ. ಕನ್ನಡಿ ತೂಗುವ ಹೊತ್ತಿನಲ್ಲಿ ಆ ಒಂದೇ ಕಂಬ 384 ಕಡೆ ಬೇರೆ ಬೇರೆ ರೀತಿ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ಪೂರ್ತಿ ಚಿತ್ರವಾಗಿ ಕಾಣುತ್ತದೆ. ದೀಪಾವಳಿಯಲ್ಲಿ ಸುರುಸುರುಬತ್ತಿ ಬೀಸಿ ಗಾಳಿಯಲ್ಲಿ ಹೆಸರು ಬರೆಯುತ್ತಿದ್ದೆವು, ಅಲ್ವಾ? ಅದೇ ಇದು. ಮ್ಯಾಸಚೂಸೆಟ್ಸ್‌ನ ರಿಫ್ಲೆಕ್ಷನ್ ಟೆಕ್ನಾಲಜಿ ಅನ್ನುವ ಕಂಪನಿಯವರು ಮಾಡಿದ ಉಪಾಯ. ಕೆಂಪನ್ನೇ ಆರಿಸಿದ್ದು ಯಾಕೆಂದರೆ ಆಗ ಅಗ್ಗವಾಗಿ ಸಿಗುತ್ತಿದ್ದದ್ದು, ಕಡಿಮೆ ಕರೆಂಟಿನಲ್ಲಿ ಉರಿಯುತ್ತಿದ್ದದ್ದು ಕೆಂಪು ಎಲ್‌ಇಡಿ. ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಜಪಾನಿನ ನಿಚಿಯಾ ಕಂಪನಿಯಿಂದ ಹೊರಬಂದು ಆಗಿನ್ನೂ ಎರಡು ವರ್ಷವೂ ಸರಿಯಾಗಿ ಆಗಿರಲಿಲ್ಲ. ಯಂತ್ರ ಓಡಬೇಕಾದದ್ದು ಆರು ಪೆನ್ಸಿಲ್ ಸೆಲ್ಲಿನ ಮೇಲೆ.

ಈ 224 ಎಲ್‌ಇಡಿಗಳಿಗೆ ಸಂದೇಶ ಹೋಗುವುದು ರಿಬ್ಬನ್‌ನಂಥ ತೆಳು ಕೇಬಲ್ಲಿನಲ್ಲಿ. ಅದನ್ನು ಬೋರ್ಡಿಗೆ ಬೆಸುಗೆ ಹಾಕಿಲ್ಲ, ಅಂಟಿಸಿದ್ದಾರೆ. ಕರೆಂಟ್ ಹರಿಯುವಂಥ ಅಂಟು. ಇಷ್ಟು ವರ್ಷ ಆದಮೇಲೆ ಅಂಟು ಒಣಗಿ ಕೇಬಲ್ ಏಳುತ್ತದೆ. ಯಾವ ಗೆರೆಯ ಕೊಂಡಿ ಬಿಟ್ಟಿತೋ ಆ ಗೆರೆಗಳು ಚಿತ್ರದಿಂದ ಮಾಯ. ಕೆಲವರು ಬಿಸಿ ಮಾಡಿ ಒತ್ತುತ್ತಾರೆ, ಓವನ್ನಿನಲ್ಲಿ ಇಡುವವರೂ ಇದ್ದಾರೆ. ಅದು ಸ್ವಲ್ಪ ದಿನಕ್ಕೆ ಮಾತ್ರ. ನಿಲ್ಲಬೇಕೆಂದರೆ ಬೆಸುಗೆಯೇ ಆಗಬೇಕು.

ಸ್ಕ್ರೂಗಳೇ ಮೊದಲ ಪರೀಕ್ಷೆ. ನಿಂಟೆಂಡೊದವರು ಇದಕ್ಕೆ ಸಾಮಾನ್ಯ ಸ್ಕ್ರೂ ಹಾಕಿಲ್ಲ. ಆರು ಎಸಳಿನ ಹೂವಿನಂಥ ತಲೆ, ಬಿಚ್ಚಲು ಗೇಮ್‌ಬಿಟ್ ಅನ್ನುವ 4.5 ಮಿಲಿಮೀಟರಿನ ಸ್ಕ್ರೂಡ್ರೈವರ್ ತುದಿ ಬೇಕು. ಅದೂ ಕಿರಿದಾದ ಆಳದ ತೂತಿನ ತಳದಲ್ಲಿ ಕೂತಿರುತ್ತದೆ, ಮಾಮೂಲಿ ಬಿಟ್ ಒಳಗೆ ಇಳಿಯುವುದೇ ಇಲ್ಲ. ತೆಳ್ಳಗೆ ಉದ್ದಕ್ಕಿರುವ ಒಂದನ್ನು ಹುಡುಕಿ ತರಿಸಬೇಕಾಯಿತು.

ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದೆವು. ಬಿಚ್ಚಿದೆವು ಅಂದೆ, ಯಾಕೆಂದರೆ ನನ್ನ ಹೆಂಡತಿಯೂ ಪಕ್ಕದಲ್ಲೇ ಕೂತಿದ್ದಳು. ಕೇಬಲ್ಲಿನ ತುದಿಯ ಮೇಲೆ ಪ್ಲಾಸ್ಟಿಕ್ ಪೊರೆ ಇದೆ. ಅದನ್ನು ಹೊಸ ಬ್ಲೇಡಿನಿಂದ ಒಂದೊಂದೇ ಎಳೆಯಾಗಿ ಕೆರೆದು ತೆಗೆಯಬೇಕು. ಜಾಸ್ತಿ ಒತ್ತಿದರೆ ಕೆಳಗಿನ ತಾಮ್ರವೇ ಕಿತ್ತು ಬರುತ್ತದೆ. ಕಡಿಮೆ ಒತ್ತಿದರೆ ಬೆಸುಗೆ ಹಿಡಿಯುವುದಿಲ್ಲ. ಅರ್ಧ ಗಂಟೆ ಕೆರೆದ ಮೇಲೆ ಭೂತಗನ್ನಡಿಯಲ್ಲಿ ಹೊಸ ಪೈಸೆಯ ಬಣ್ಣದ ಗೆರೆಗಳು ಒಂದೊಂದಾಗಿ ಮಿಂಚತೊಡಗಿದವು. ಅಷ್ಟು ಹೊತ್ತಿಗೆ ನನ್ನ ಬೆರಳು ನಡುಗಲು ಶುರುವಾಗಿತ್ತು.

‘ರೀ, ಇಲ್ಲಿ ಕೊಡಿ. ನೀವು ಬೆಳಕು ಹಿಡೀರಿ’ ಅಂದಳು.

ಸಾಗರದ ಹುಡುಗಿ, ಹಬ್ಬದ ದಿನ ಅಂಗಳದ ತುಂಬಾ ಎಳೆ ರಂಗೋಲಿ ಬಿಡಿಸಿ ಬೆಳೆದವಳು. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಫ್ಲಕ್ಸ್ ಹಚ್ಚಿ, ಕಾದ ಮೊನೆಯನ್ನು ಒಂದೊಂದು ಗೆರೆಯ ಮೇಲೂ ಒಂದು ಕ್ಷಣ ಇಟ್ಟು ಎತ್ತುತ್ತಾ ಹೋದಳು. ಉಸಿರು ಬಿಟ್ಟರೆ ಅಳ್ಳಾಡೀತು ಎಂದು ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಮುಗಿದ ಮೇಲೆ ಮುಚ್ಚಳ ಹಾಕದೆ ಹಾಗೇ ಸೆಲ್ ಹಾಕಿ ಹಚ್ಚಿದೆವು. ಗುಂಯ್. ಎಡಗಣ್ಣಿನಲ್ಲಿ ಮೀಸೆ ಬಂತು, ಮೊಣಕಾಲು ಬಂತು. ಎರಡೂ ಚಿತ್ರ ಸೇರಿ ನೆಟ್ ಈಚೆ, ಎದುರಾಳಿ ಆಚೆ ದೂರದಲ್ಲಿ ನಿಂತ. ಚೆಂಡು ನನ್ನ ಮೂಗಿನ ಕಡೆಗೇ ಹಾರಿ ಬಂತು. ಇಬ್ಬರೂ ಸರದಿಯಂತೆ ಮುಖ ಇಟ್ಟು ನೋಡಿದೆವು. ಆ ಮಧ್ಯಾಹ್ನ ಊಟಕ್ಕೆ ಏಳಲು ನಾಲ್ಕು ಗಂಟೆಯಾಯಿತು.

ಮರುವಾರ ಬಲಗಣ್ಣಿನದ್ದೂ ಮಾಡಿಬಿಟ್ಟೆವು. ಇವತ್ತಲ್ಲ ನಾಳೆ ಅದೂ ಬಿಡುವುದೇ.

ಶುರುವಿನ ಕ್ಯಾಸೆಟ್‌ಗಳು ಬೇಗ ಸಿಕ್ಕವು. ಯಂತ್ರದ ಜೊತೆ ಮೊದಲ ದಿನವೇ ಬಂದ ಆಟ ಐದು: ಮಾರಿಯೋಸ್ ಟೆನಿಸ್, ಗ್ಯಾಲಕ್ಟಿಕ್ ಪಿನ್‌ಬಾಲ್, ರೆಡ್ ಅಲಾರ್ಮ್, ಟೆಲೆರೋಬಾಕ್ಸರ್, ತೋಬಿದಾಸೆ ಪಾನಿಬೋನ್. ಇವನ್ನು ಜನ ಸಾಕಷ್ಟು ಕೊಂಡಿದ್ದರು, ಹಾಗಾಗಿ ಈಗಲೂ ಸಿಗುತ್ತವೆ. ನಕಾನೋ, ಅಕಿಹಬಾರಾ ಸುತ್ತಿ ಎರಡು ತಿಂಗಳಲ್ಲಿ ಎಂಟು ಕೈಸೇರಿದವು. ಕೊಳ್ಳುವಾಗ ನಾನು ನೋಡುತ್ತಿದ್ದದ್ದು ಒಂದು ಪುಟ್ಟ ವಸ್ತುವನ್ನು. ವರ್ಚುಯಲ್ ಬಾಯ್ ಕ್ಯಾಸೆಟ್ಟಿನ ಬಾಯಿಗೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ ಒಂದಿರುತ್ತದೆ, ಪೆನ್ನಿನ ಕ್ಯಾಪಿನ ಹಾಗೆ. ಮಕ್ಕಳು ಮೊದಲು ಕಳೆಯುವುದು ಅದನ್ನೇ. ಅದು ಉಳಿದಿದೆ ಅಂದರೆ ಯಾರೋ ಜೋಪಾನ ಮಾಡಿದ್ದಾರೆ ಅಂತ ಅರ್ಥ.

ಮನೆಯಲ್ಲಿ ಕಪಾಟಿನ ಒಂದು ಖಾನೆ ಖಾಲಿ ಮಾಡಿ, ಬಿಡುಗಡೆಯಾದ ತಾರೀಖಿನ ಪ್ರಕಾರ ಜೋಡಿಸಿದೆ. ಇಲ್ಲಿಯ ಜೂನ್ ತಿಂಗಳ ಮಳೆಗೆ ರಟ್ಟಿನ ಡಬ್ಬಿ ಮೆತ್ತಗಾಗುತ್ತದೆ, ಅದಕ್ಕೇ ಸಿಲಿಕಾ ಜೆಲ್ ಪೊಟ್ಟಣ ಇಟ್ಟೆ. ಇನ್ನೂ ಸಿಗದ ಆಟದ ಜಾಗದಲ್ಲಿ ಹೆಸರು, ತಾರೀಖು ಬರೆದ ರಟ್ಟಿನ ತುಂಡು. ಆಡಿದ್ದೂ ಅದೇ ಕ್ರಮದಲ್ಲಿ. ಹಾಗೆ ಮಾಡಿದ್ದು ಬಹಳ ಒಳ್ಳೆಯದಾಯಿತು. ಯಾಕೆಂದರೆ ಬಿಡಿ ಬಿಡಿಯಾಗಿ ಆಡಿದರೆ ಕಾಣದ ಒಂದು ಸಂಗತಿ ಅಲ್ಲಿ ಕಣ್ಣಿಗೆ ಹೊಡೆಯಿತು. ಆಟ ಮಾಡುವವರು ಈ ಯಂತ್ರವನ್ನು ನಿಧಾನವಾಗಿ ಕಲಿಯುತ್ತಿದ್ದಾರೆ!

ಜುಲೈನ ಟೆನಿಸ್‌ನಲ್ಲಿ ಆಳ ಅನ್ನುವುದು ಒಂದು ಅಲಂಕಾರ. ಇದ್ದರೆ ಚೆನ್ನ, ಇಲ್ಲದಿದ್ದರೂ ಟೆನಿಸ್ ಆಡಬಹುದು. ರೆಡ್ ಅಲಾರ್ಮ್‌ನಲ್ಲಿ ಗೆರೆಗಳಲ್ಲೇ ಕಟ್ಟಿದ ಲೋಕದೊಳಗೆ ವಿಮಾನ ಹಾರಿಸುತ್ತೀರಿ. ಎಲ್ಲಾ ಪಾರದರ್ಶಕ, ಗೋಡೆ ಯಾವುದು ದಾರಿ ಯಾವುದು ತಿಳಿಯದೆ ಡಿಕ್ಕಿ ಹೊಡೆಯುತ್ತೀರಿ. ಟೆಲೆರೋಬಾಕ್ಸರ್‌ನಲ್ಲಿ ಕಂಟ್ರೋಲರಿನ ಎರಡು ಕಡೆಯ ಎರಡು ದಿಕ್ಕಿನ ಗುಂಡಿ ನಿಮ್ಮ ಎರಡು ಮುಷ್ಟಿ. ಸೆಪ್ಟೆಂಬರ್ 28ರ ಮಾರಿಯೋ ಕ್ಲ್ಯಾಷ್‌ಗೆ ಬಂದರೆ, ಮಾರಿಯೋ ಆಮೆಯ ಚಿಪ್ಪನ್ನು ಹತ್ತಿರದ ಸಾಲಿನಿಂದ ದೂರದ ಸಾಲಿಗೆ ಎಸೆಯಲೇಬೇಕು. ಆಳವೇ ಇಲ್ಲದಿದ್ದರೆ ಆಟವೇ ಇಲ್ಲ. ಡಿಸೆಂಬರ್ 1ರ ವಾರಿಯೋ ಲ್ಯಾಂಡ್ ಅಂತೂ ಪೂರ್ತಿ ಪಕ್ವವಾದದ್ದು. ವಾರಿಯೋ ಎದುರಿನ ದಾರಿಯಿಂದ ಚಿಮ್ಮಿ ಹಿಂದಿನ ದಾರಿಗೆ ಹಾರುತ್ತಾನೆ, ಅಲ್ಲಿ ಬೆರಳಿನಷ್ಟಾಗಿ ಓಡಾಡಿ, ನಿಧಿ ಹುಡುಕಿ, ಮತ್ತೆ ಈಚೆ ಹಾರುತ್ತಾನೆ. ಈ 22ರಲ್ಲಿ ಒಂದನ್ನೇ ಆಡಬೇಕು ಅಂದರೆ ಅದನ್ನೇ ಆಡಿ. ಯಾವ ಯಂತ್ರಕ್ಕೆ ಬಂದಿದ್ದರೂ ಅದು ದೊಡ್ಡ ಆಟವೇ.

ಅದು ಬಂದ ಮೂರೇ ವಾರಕ್ಕೆ ಜಪಾನಿನಲ್ಲಿ ಈ ಯಂತ್ರದ ಕಥೆ ಮುಗಿಯಿತು. ಇದು ನನಗೆ ಈಗಲೂ ನೋವು ಕೊಡುತ್ತದೆ.

ಕಪಾಟಿನಲ್ಲಿ ಇನ್ನೊಂದು ಕಾಣುತ್ತದೆ. ಅಕ್ಟೋಬರ್ 13ರ ಇನ್ಸ್‌ಮೌಸ್ ನೋ ಯಕಾತ ಆದಮೇಲೆ ಡಿಸೆಂಬರ್ 1ರ ತನಕ ಏನೂ ಇಲ್ಲ. ಏಳು ವಾರ ಖಾಲಿ. ಮಾರಾಟ ಬಿದ್ದುಹೋಗಿತ್ತು, ಅಂಗಡಿಯವರು ಕೈಬಿಟ್ಟಿದ್ದರು. ಆ ಖಾಲಿಯ ಆಚೆಗೆ ಬಂದ ಸ್ಪೇಸ್ ಇನ್ವೇಡರ್ಸ್, ವರ್ಚುಯಲ್ ಲ್ಯಾಬ್, ಎಸ್‌ಡಿ ಗುಂಡಮ್, ವರ್ಚುಯಲ್ ಬೌಲಿಂಗ್ ಇವತ್ತು ಚಿನ್ನದ ಬೆಲೆಗೆ ಹೋಗುವುದಕ್ಕೆ ಕಾರಣ ಇಷ್ಟೇ. ಯಾರೂ ತರಿಸಲಿಲ್ಲ, ಯಾರೂ ಕೊಳ್ಳಲಿಲ್ಲ. ವರ್ಚುಯಲ್ ಲ್ಯಾಬ್‌ನಲ್ಲಂತೂ ಎಷ್ಟು ಅವಸರವಿತ್ತೆಂದರೆ ನಿಂಟೆಂಡೊ ಎಂಬ ಹೆಸರಿನ ಕಾಗುಣಿತವೇ ತಪ್ಪಾಗಿ ಅಚ್ಚಾಗಿದೆ. ಆ ತಪ್ಪನ್ನು ನೋಡಿದಾಗ ನನಗೆ ನಗು ಬರಲಿಲ್ಲ. ಮುಳುಗುವ ದೋಣಿಯಲ್ಲಿ ಕೂತು ಕೆಲಸ ಮುಗಿಸಿ ಕೊಟ್ಟವರ ಕೈಬರಹದ ಹಾಗೆ ಕಂಡಿತು.

ಯಂತ್ರ ಮಾಡಿದ ಗುನ್ಪೇಯಿ ಯೊಕೊಯಿ ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. ಕ್ಯೋಟೋದವರು. 1965ರಲ್ಲಿ ನಿಂಟೆಂಡೊ ಇನ್ನೂ ಇಸ್ಪೀಟೆಲೆ ಮಾಡುತ್ತಿದ್ದಾಗ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು. ಗೇಮ್ ಆಂಡ್ ವಾಚ್ ಅವರದ್ದು, ಗೇಮ್ ಬಾಯ್ ಅವರದ್ದು. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸುವುದು ಅವರ ದಾರಿ. 1996ರಲ್ಲಿ ನಿಂಟೆಂಡೊ ಬಿಟ್ಟರು. ಮರುವರ್ಷ ಅಕ್ಟೋಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕನ್ನಡಿ ತೂಗುವ ಸದ್ದು ಕೇಳಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

2021ರ ಕೊನೆಗೆ 16 ಆಗಿದ್ದವು. ಅಮೆರಿಕದ ಮೂರನ್ನು, ಅಂದರೆ ವಾಟರ್‌ವರ್ಲ್ಡ್, ನೆಸ್ಟರ್ಸ್ ಫಂಕಿ ಬೌಲಿಂಗ್, 3ಡಿ ಟೆಟ್ರಿಸ್ ಇವನ್ನು ಡಲ್ಲಾಸ್‌ನಲ್ಲಿರುವ ಭಾವನ ಮನೆಗೆ ತರಿಸಿದೆ. ಅವರು ಮರುವರ್ಷ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಬಾದಾಮಿ ಚಾಕೊಲೇಟ್ ಜೊತೆ ತಂದರು. ನಾವೂ ಆಗ ಊರಲ್ಲಿದ್ದೆವು. ಯಂತ್ರವನ್ನೂ ಒಯ್ದಿದ್ದೆ. ನಿಯಮ ಇದೆಯಲ್ಲ, ಸಿಕ್ಕ ಮೇಲೆ ಆಡಬೇಕು! ದಾವಣಗೆರೆ ಮನೆಯ ಅದೇ ನಡುಮನೆಯಲ್ಲಿ, ಅಮ್ಮ ಅಕ್ಕಿ ಆರಿಸುವ ಮೇಜಿನ ಮೇಲೆ ಇಟ್ಟು ಹಚ್ಚಿದೆ. ಅಣ್ಣ ಬಂದ. ಏನೂ ಹೇಳದೆ ಮುಖ ಇಟ್ಟು 3ಡಿ ಟೆಟ್ರಿಸ್ ಆಡಿದ. 1996ರ ಮಾರ್ಚ್ 22ಕ್ಕೆ ಬಂದ, ಈ ಯಂತ್ರದ ಕಟ್ಟಕಡೆಯ ಆಟ ಅದು. ಅರ್ಧ ಗಂಟೆಯ ಮೇಲೆ ಕತ್ತೆತ್ತಿ, ಕಣ್ಣುಜ್ಜಿಕೊಂಡು, ‘ಒಟ್ಟು ಎಷ್ಟೋ?’ ಅಂದ.

‘ಇಪ್ಪತ್ತೆರಡು.’

‘ಎಲ್ಲಾ ಬೇರೆ ಬೇರೆ?’

‘ಎಲ್ಲಾ ಬೇರೆ ಬೇರೆ.’

ಅಮ್ಮನೂ ಒಂದು ಸಲ ಬಗ್ಗಿ ನೋಡಿದಳು. ‘ಬರೀ ಕೆಂಪು ಕಣಪ್ಪಾ, ಆದ್ರೆ ಬಾವಿ ಒಳಗೆ ನೋಡಿದಂಗೆ ಆಗ್ತದೆ’ ಅಂದಳು. ಈ ಯಂತ್ರವನ್ನು ಇಷ್ಟು ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಇದರ ಚಿತ್ರ ಫೋಟೋದಲ್ಲಿ ಬರುವುದಿಲ್ಲ, ಟಿವಿಯಲ್ಲಿ ಬರುವುದಿಲ್ಲ. ಪಕ್ಕದಲ್ಲಿ ಕೂತವನಿಗೂ ಕಾಣುವುದಿಲ್ಲ. ಬಗ್ಗಿಯೇ ನೋಡಬೇಕು.

ಉಳಿದ ಮೂರಕ್ಕೆ ಮೂರು ವರ್ಷ ಹಿಡಿಯಿತು. ವರ್ಚುಯಲ್ ಲ್ಯಾಬ್ ಮತ್ತು ಗುಂಡಮ್‌ಗಾಗಿ ಎರಡು ದೀಪಾವಳಿಗೆ ಊರಿಗೆ ಹೋಗುವುದನ್ನು ಬಿಟ್ಟೆವು. ಅದನ್ನು ಹೆಂಡತಿಯೂ ನಾನೂ ಕೂತು ಮಾತಾಡಿಯೇ ತೀರ್ಮಾನ ಮಾಡಿದ್ದು. ಕಡೆಗೆ ಉಳಿದದ್ದು ವರ್ಚುಯಲ್ ಬೌಲಿಂಗ್.

ಅದರಲ್ಲಿ ಒಂದು ಸಲ ಮೋಸ ಹೋದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ, ಫೋಟೋ ಚೆನ್ನಾಗಿತ್ತು, ಬೆಲೆ ನಂಬುವಷ್ಟು ಜಾಸ್ತಿಯೇ ಇತ್ತು. ಬಂದ ಕ್ಯಾಸೆಟ್ ಕೈಗೆ ತಗೊಂಡ ಕೂಡಲೇ ಹಗುರ ಅನ್ನಿಸಿತು. ಸ್ಟಿಕ್ಕರಿನ ಅಂಚು ಚೂಪಾಗಿ ಕತ್ತರಿಸಿದ ಹಾಗಿತ್ತು. ಸ್ಕ್ರೂ ಬಿಚ್ಚಿ ತೆರೆದೆ. ಅಸಲಿ ಬೋರ್ಡಿನ ಮೇಲೆ ನಿಂಟೆಂಡೊದ ಹೆಸರು, ‘ವಿಯುಇ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ವರ್ಚುಯಲ್ ಬಾಯ್‌ಗೆ ಕಂಪನಿ ಇಟ್ಟುಕೊಂಡ ಗುರುತು ಅದು. ಇದರಲ್ಲಿ ಎರಡೂ ಇರಲಿಲ್ಲ, ಹೊಚ್ಚ ಹೊಸ ಬೋರ್ಡು, ಹೊಸ ಫ್ಲ್ಯಾಷ್ ಚಿಪ್ಪು. ಆಟ ಓಡುತ್ತಿತ್ತು, ಅದು ಬೇರೆ ಮಾತು. ನಕಲನ್ನು ನಕಲು ಎಂದೇ ಹೇಳಿ ಮಾರುವವರ ಮೇಲೆ ನನಗೆ ದೂರಿಲ್ಲ. ಬಿಡುಗಡೆಯೇ ಆಗದೆ ಉಳಿದಿದ್ದ ಬೌಂಡ್ ಹೈ ಎಂಬ ಆಟವನ್ನು ಅಭಿಮಾನಿಗಳು ಕ್ಯಾಸೆಟ್ ಮಾಡಿ ಹಂಚಿದ್ದಾರೆ, ಅದು ಪುಣ್ಯದ ಕೆಲಸ. ಆದರೆ ಅಸಲಿ ಎಂದು ಹೇಳಿ ಇದನ್ನು ಕೊಡುವುದು ಕಳ್ಳತನ. ಫೋಟೋ ತೆಗೆದು ಕಳಿಸಿ, ಮೂರು ವಾರ ಜಗ್ಗಾಡಿ ದುಡ್ಡು ವಾಪಸ್ ಪಡೆದೆ. ಅಂದಿನಿಂದ ದುಬಾರಿ ಕ್ಯಾಸೆಟ್ ಯಾವುದನ್ನೂ ಬಿಚ್ಚಿ ನೋಡದೆ ಕೊಳ್ಳುವುದಿಲ್ಲ.

ಇಷ್ಟರಲ್ಲಿ ಗೆರೆ ಬಂದ ಯಂತ್ರಗಳನ್ನು ಪರಿಚಯದವರು ನಮ್ಮ ಮನೆಗೆ ತರಲು ಶುರುಮಾಡಿದ್ದರು. ಹತ್ತೊಂಬತ್ತು ಯಂತ್ರ ಮಾಡಿಕೊಟ್ಟಿದ್ದೇವೆ. ಬೆಸುಗೆ ಅವಳದ್ದು, ಬಿಚ್ಚುವುದು, ಕೆರೆಯುವುದು, ಜೋಡಿಸುವುದು ನನ್ನದು. 2024ರ ನವೆಂಬರಿನಲ್ಲಿ ನಾನು ಹೋಗುವ ಒಂದು ಚಿಕ್ಕ ಅಂಗಡಿಯವರು ಚಿಬಾದ ಒಬ್ಬ ಹಿರಿಯರ ವಿಳಾಸ ಕೊಟ್ಟರು. ಎಪ್ಪತ್ತು ದಾಟಿದವರು, ಹಿಂದೆ ಆಟಿಕೆ ಅಂಗಡಿ ಇಟ್ಟಿದ್ದವರು. ಅವರ ಯಂತ್ರದ ಎರಡೂ ಕಣ್ಣು ಹೋಗಿತ್ತು.

ಮನೆಗೆ ಹೋದಾಗ ಹಸಿರು ಚಹಾ ಕೊಟ್ಟು, ಒಳಗಿನಿಂದ ಯಂತ್ರ ತಂದರು. ಜೊತೆಗೆ ಡಬ್ಬಿ ಸಮೇತ ಒಂದು ಕ್ಯಾಸೆಟ್. ನೋಡಿದ ಕೂಡಲೇ ನನ್ನ ಎದೆ ಹೊಡೆದುಕೊಂಡಿತು.

‘ಆ ಡಿಸೆಂಬರಿನಲ್ಲಿ ನನ್ನ ಅಂಗಡಿಗೆ ಎರಡು ತರಿಸಿದ್ದೆ’ ಅಂದರು. ‘ಒಂದು ಮಾರಾಟವಾಯಿತು. ಇನ್ನೊಂದನ್ನು ಯಾರೂ ಕೇಳಲಿಲ್ಲ. ಅಂಗಡಿ ಮುಚ್ಚಿದ ಮೇಲೆ ರಾತ್ರಿ ನಾನೇ ಕೂತು ಆಡುತ್ತಿದ್ದೆ. ಒಳ್ಳೆಯ ಆಟ. ಆಡಿ ಎಂಟು ವರ್ಷವಾಯಿತು ನೋಡಿ.’

ನಾನು ಬೆಲೆ ಕೇಳಲಿಲ್ಲ. ಯಂತ್ರ ತಂದೆವು, ಎರಡು ಭಾನುವಾರ ಕೂತೆವು. ಒಂದು ಕಣ್ಣಿನಲ್ಲಿ ಹಿಂದೆ ಯಾರೋ ಬಿಸಿ ಮಾಡಿ ಒತ್ತಿದ್ದರಿಂದ ಕೇಬಲ್ ಸುಕ್ಕುಗಟ್ಟಿತ್ತು. ಬಹಳ ಹೊತ್ತು ಹಿಡಿಯಿತು. ಡಿಸೆಂಬರ್ 22 ಭಾನುವಾರ ಬಂದಿತ್ತು. ಅವತ್ತೇ ಹೋಗೋಣ ಅಂತ ಇಬ್ಬರೂ ಹೋದೆವು.

ಅವರು ಮೊದಲು ಕಣ್ಣಿನ ಅಗಲಕ್ಕೆ ತಕ್ಕಂತೆ ಮೇಲಿನ ಚಕ್ರ ತಿರುಗಿಸಿ ಸರಿ ಮಾಡಿಕೊಂಡರು. ಕೈ ಇನ್ನೂ ಮರೆತಿರಲಿಲ್ಲ. ಕ್ಯಾಸೆಟ್ ತಳದಿಂದ ಸಿಕ್ಕಿಸಿ ಹಚ್ಚಿದರು. ಗುಂಯ್. ಬಗ್ಗಿ ಮುಖ ಇಟ್ಟರು. ನಮಗೆ ಕಾಣುತ್ತಿದ್ದದ್ದು ಅವರ ಬಿಳಿ ತಲೆ, ಕಂಟ್ರೋಲರ್ ಹಿಡಿದ ಎರಡು ಕೈ ಮಾತ್ರ. ಚೆಂಡು ಉರುಳುವ ಸದ್ದು, ಆಮೇಲೆ ಪಿನ್ನುಗಳು ಬೀಳುವ ಸದ್ದು. ತುಂಬಾ ಹೊತ್ತು ಅವರು ಕತ್ತೆತ್ತಲಿಲ್ಲ. ಹತ್ತು ಫ್ರೇಮ್ ಪೂರ್ತಿ ಆಡಿದರು.

ಕತ್ತೆತ್ತಿದಾಗ ಅವರ ಹಣೆಯ ಮೇಲೆ ರಬ್ಬರಿನ ಅಚ್ಚು ಮೂಡಿತ್ತು. ‘ನಿಮ್ಮ ಬಳಿ ಉಳಿದ ಇಪ್ಪತ್ತೊಂದೂ ಇವೆಯಂತೆ, ಅಂಗಡಿಯವರು ಹೇಳಿದರು. ಎಲ್ಲವನ್ನೂ ಆಡಿದ್ದೀರಾ?’ ಎಂದು ಕೇಳಿದರು.

‘ಆಡಿದ್ದೇವೆ.’

ಒಂದು ಬೆಲೆ ಹೇಳಿದರು. ಅಂಗಡಿಗಳಲ್ಲಿ ನಡೆಯುವ ದರದ ಅರ್ಧಕ್ಕಿಂತ ಕಡಿಮೆ. ರಿಪೇರಿಯ ದುಡ್ಡು ನಾವು ತೆಗೆದುಕೊಳ್ಳಲಿಲ್ಲ. ಒಂದು ಮಾತು ಮಾತ್ರ ಕೇಳಿದರು. ವರ್ಷಕ್ಕೊಮ್ಮೆ, ಇದೇ ದಿನ, ಕ್ಯಾಸೆಟ್ ತಂದು ಒಂದು ಆಟ ಆಡಲು ಕೊಡಬೇಕು. ಯಂತ್ರ ಅವರ ಮನೆಯಲ್ಲೇ ಇರುತ್ತದೆ.

ಆ ರಾತ್ರಿ ಮನೆಗೆ ಬಂದು ನಿಯಮದಂತೆ ಎರಡು ಗಂಟೆ ಆಡಿದೆ. ಹಿರಿಯರು ಹೇಳಿದ್ದು ನಿಜ, ಒಳ್ಳೆಯ ಆಟ. ಆಮೇಲೆ ಕಪಾಟಿನಲ್ಲಿ ಅದರ ಜಾಗದಲ್ಲಿದ್ದ ರಟ್ಟಿನ ತುಂಡು ತೆಗೆದು ಅಲ್ಲಿ ಇಟ್ಟೆ. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ‘ಒಂದೊಂದರ ಹೆಸರೂ ಬರೆದು ಕಳ್ಸು’ ಅಂತ ಉತ್ತರ ಬಂತು. ಇಪ್ಪತ್ತೆರಡೂ ಹೆಸರು ನೋಟ್‌ಬುಕ್ಕಿನ ಹಾಳೆಯಲ್ಲಿ ಕೈಯಲ್ಲೇ ಬರೆದು ಕಳಿಸಿದೆ.

2025ರ ಸೆಪ್ಟೆಂಬರಿನಲ್ಲಿ ನಿಂಟೆಂಡೊದವರೇ ಈ ಯಂತ್ರದ ಆಟಗಳನ್ನು ತಮ್ಮ ಹೊಸ ಯಂತ್ರ ಸ್ವಿಚ್‌ನಲ್ಲಿ ತರುತ್ತೇವೆ ಎಂದು ಘೋಷಿಸಿದಾಗ ಮೊದಲ ಫೋನ್ ಮಾಡಿದವರು ಆ ಹಿರಿಯರೇ. ಖುಷಿಯಾಗಿದ್ದರು, ಮೊಮ್ಮಗಳಿಗೆ ತೋರಿಸಬಹುದು ಅಂದರು. ಫೋನ್ ಇಡುವ ಮುಂಚೆ, ‘ಡಿಸೆಂಬರ್ 22ಕ್ಕೆ ಬರುತ್ತೀರಿ ಅಲ್ವಾ?’ ಎಂದು ಕೇಳಿದರು. ಬೌಲಿಂಗ್ ಕ್ಯಾಸೆಟ್ಟಿನ ಕಪ್ಪು ಮುಚ್ಚಳ ಸರಿಯಾಗಿ ಕೂತಿದೆಯಾ ಎಂದು ಹೋಗಿ ನೋಡಿ ಬಂದೆ.